ಮಾತ್ರೆ ಎಂದರೆ ಅಳತೆ

ನಾವು ನಿತ್ಯ ಬಳಸುವ ‘ಮಾತ್ರೆ’ ಎಂಬ ಶಬ್ದಕ್ಕೆ ಗುಳಿಗೆ ಎಂಬ ಅರ್ಥ ಬಂದದ್ದು ಆಮೇಲೆ. ಮೊದಲ ಅರ್ಥ ಅಳತೆ. ಶಾಲೆಯಲ್ಲಿ ಛಂದಸ್ಸನ್ನು ಓದಿದವರಿಗೆ ಇದು ನೆನಪಿರಬಹುದು: ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೆ ಎರಡು. ಒಂದು ಮಾತ್ರೆ ಹೆಚ್ಚಾದರೂ ಕಡಿಮೆಯಾದರೂ ಪದ್ಯದ ಓಟ ಕೆಡುತ್ತದೆ. ಆಯುರ್ವೇದವೂ ಈ ಶಬ್ದವನ್ನು ಅಳತೆಯ ಅರ್ಥದಲ್ಲಿಯೇ ಬಳಸುತ್ತದೆ. ಆಹಾರಕ್ಕೆ ಮಾತ್ರೆಯುಂಟು, ವ್ಯಾಯಾಮಕ್ಕೆ ಮಾತ್ರೆಯುಂಟು, ಔಷಧಕ್ಕಂತೂ ಉಂಟೇ ಉಂಟು. ಕಾಲಕ್ರಮದಲ್ಲಿ ಅಳತೆಯ ಹೆಸರು ಅಳೆದಿಟ್ಟ ವಸ್ತುವಿಗೇ ಬಂದಿತು. ಅಳತೆಯ ವಿಚಾರ ಮರೆಯಾಯಿತು.

ಈ ಮರೆವು ಎಲ್ಲ ಕಾಯಿಲೆಗಳಲ್ಲಿಯೂ ತೊಂದರೆ ಕೊಡುತ್ತದೆ. ಆದರೆ ಮಕ್ಕಳ ಒಂದು ಸಮಸ್ಯೆಯಲ್ಲಿ ಅದು ವಿಶೇಷವಾಗಿ ಹಾನಿಮಾಡುವುದನ್ನು ನಾವು ಇತ್ತೀಚಿನ ವರ್ಷಗಳಲ್ಲಿ ಕಾಣುತ್ತಿದ್ದೇವೆ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆ ಎಂದು ಕನ್ನಡದಲ್ಲಿ ಹೇಳಬಹುದಾದ, ವೈದ್ಯರು ಎಡಿಎಚ್‌ಡಿ ಎಂದು ಕರೆಯುವ ಸ್ಥಿತಿ ಅದು. ಮನೋವೈದ್ಯರು ಪರೀಕ್ಷಿಸಿ ಔಷಧ ಬರೆದುಕೊಟ್ಟ ಮೇಲೆ ಅನೇಕ ಭಕ್ತ ಕುಟುಂಬಗಳು ಆ ಚೀಟಿಯನ್ನು ಹಿಡಿದು ನಮ್ಮ ಬಳಿಗೆ ಬರುತ್ತವೆ. ‘ಡಾಕ್ಟರೇ, ಇದನ್ನು ಬಿಡಿಸಿ ನಿಮ್ಮ ಔಷಧ ಕೊಡಿರಿ’ ಎನ್ನುವವರು ಕೆಲವರು. ‘ಕೊಡುವುದಾದರೆ ಎಷ್ಟು ಕೊಡಬೇಕು, ನೀವೇ ಹೇಳಿರಿ’ ಎನ್ನುವವರು ಕೆಲವರು. ಈ ಲೇಖನ ಎರಡನೆಯ ಪ್ರಶ್ನೆಯನ್ನು ಕುರಿತದ್ದು. ಮೊದಲನೆಯದಕ್ಕೂ ಉತ್ತರ ಅದರಲ್ಲಿಯೇ ಸಿಗುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಔಷಧದ ಸರಿಯಾದ ಪ್ರಮಾಣವನ್ನು ಯಾವ ವೈದ್ಯರೂ ಮೊದಲ ದಿನವೇ ಹೇಳಲಾರರು. ಅದನ್ನು ಹುಡುಕಬೇಕು. ಆ ಹುಡುಕಾಟದಲ್ಲಿ ಅರ್ಧ ಪಾಲು ವೈದ್ಯರದು. ಉಳಿದ ಅರ್ಧ ಮನೆಯವರದು. ಮನೆಯವರ ಪಾಲು ಸತ್ಯವಾಗಿ ನೋಡುವುದು ಮತ್ತು ಸತ್ಯವಾಗಿ ಹೇಳುವುದು. ಅದು ತಪ್ಪಿದಲ್ಲಿ ಎಷ್ಟೇ ದೊಡ್ಡ ವೈದ್ಯರ ಚೀಟಿಯೂ ಬರಿಯ ಊಹೆಯಾಗಿ ಉಳಿಯುತ್ತದೆ.

ತುಂಟತನವೇ ಕಾಯಿಲೆಯಲ್ಲ

ಓಡಾಡುವ ಮಗುವೆಲ್ಲ ರೋಗಿಯಲ್ಲ. ಮನೆಯಲ್ಲಿ ಪೂಜೆಗೆ ಕುಳಿತಾಗ ಐದು ನಿಮಿಷಕ್ಕೆ ಎದ್ದು ಹೋಗುವ ನಾಲ್ಕು ವರ್ಷದ ಕೂಸಿಗೆ ಏನೂ ಆಗಿಲ್ಲ. ಆ ವಯಸ್ಸಿನ ಧರ್ಮವೇ ಅದು. ಎಡಿಎಚ್‌ಡಿ ಎಂದು ಹೇಳಬೇಕಾದರೆ ಲಕ್ಷಣಗಳು ಕನಿಷ್ಠ ಆರು ತಿಂಗಳು ಮುಂದುವರಿದಿರಬೇಕು, ಹನ್ನೆರಡು ವರ್ಷ ತುಂಬುವ ಮೊದಲೇ ತೋರಿರಬೇಕು, ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಇರದೆ ಎರಡು ಕಡೆಯಾದರೂ ಕಾಣಬೇಕು, ಮತ್ತು ಮಗುವಿನ ಕಲಿಕೆಗೂ ಒಡನಾಟಕ್ಕೂ ಅಡ್ಡಿಯಾಗುತ್ತಿರಬೇಕು. ಎಲ್ಲ ಮಕ್ಕಳೂ ಜಿಗಿದಾಡುವುದಿಲ್ಲ. ಕೆಲವರು, ಅದರಲ್ಲಿಯೂ ಹೆಣ್ಣುಮಕ್ಕಳು, ಸುಮ್ಮನೆ ಕುಳಿತಿರುತ್ತಾರೆ. ಮನಸ್ಸು ಮಾತ್ರ ಪಾಠದಲ್ಲಿರುವುದಿಲ್ಲ. ಅವರನ್ನು ‘ದಡ್ಡಿ’ ಎಂದು ಬದಿಗೆ ಸರಿಸಿರುತ್ತೇವೆ.

ಔಷಧಕ್ಕೆ ಮುನ್ನ ನೋಡಬೇಕಾದ ಸಂಗತಿಗಳು ಹಲವು. ಕಣ್ಣು ಸರಿಯಾಗಿ ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ರಕ್ತಹೀನತೆ ಇದೆಯೇ, ಥೈರಾಯ್ಡ್ ತೊಂದರೆಯೇ, ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾ ನಿದ್ದೆಗೆಡುತ್ತಿದೆಯೇ, ಅಕ್ಷರ ಅಥವಾ ಲೆಕ್ಕದ ಕಲಿಕೆಯಲ್ಲಿಯೇ ತೊಡಕಿದೆಯೇ, ಮನೆಯಲ್ಲಿ ಜಗಳ-ಭಯಗಳಿವೆಯೇ ಎಂಬುದನ್ನು ವಿಚಾರಿಸಬೇಕು. ಇವುಗಳಲ್ಲಿ ಯಾವುದಿದ್ದರೂ ಮಗು ಚಂಚಲವಾಗಿ ಕಾಣಬಹುದು. ಆರು ವರ್ಷದೊಳಗಿನ ಮಕ್ಕಳಿಗೆ ತಂದೆ-ತಾಯಿಯರಿಗೆ ತರಬೇತಿ ಕೊಟ್ಟು ದಿನಚರಿಯನ್ನು ತಿದ್ದುವುದೇ ಮೊದಲ ಚಿಕಿತ್ಸೆ. ಔಷಧದ ಮಾತು ಸಾಮಾನ್ಯವಾಗಿ ಅದರ ತರುವಾಯದ್ದು.

ಇಷ್ಟೆಲ್ಲ ನೋಡಿದ ಮೇಲೂ ಔಷಧ ಬೇಕೆಂದು ತಜ್ಞರು ಹೇಳಿದರೆ ಅದನ್ನು ಅಪಮಾನವೆಂದಾಗಲಿ, ಸೋಲೆಂದಾಗಲಿ ಭಾವಿಸಬೇಕಾಗಿಲ್ಲ. ದಿನವೂ ಬೈಗುಳ ತಿನ್ನುವ ಮಗು ತನ್ನನ್ನೇ ಕೆಟ್ಟವನೆಂದು ನಂಬತೊಡಗುತ್ತದೆ. ಆ ನಂಬಿಕೆ ಒಮ್ಮೆ ಬೇರುಬಿಟ್ಟರೆ ಕೀಳುವುದು ಕಷ್ಟ.

ತೂಕ ನೋಡಿ ಅಳೆಯಲಾಗದ ಔಷಧ

ಈ ಸ್ಥಿತಿಗೆ ಹೆಚ್ಚಾಗಿ ಕೊಡುವ ಔಷಧದ ಹೆಸರು ಮೀಥೈಲ್‌ಫೆನಿಡೇಟ್. ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜೋನ್ 1944ರಲ್ಲಿ ಇದನ್ನು ತಯಾರಿಸಿದರು. ಪತ್ನಿಯ ಮುದ್ದಿನ ಹೆಸರಾದ ರೀಟಾ ಎಂಬುದರಿಂದಲೇ ಅದಕ್ಕೆ ರಿಟಾಲಿನ್ ಎಂಬ ಹೆಸರು ಬಂದಿತು. ಅದಕ್ಕೂ ಮೊದಲು, 1937ರಲ್ಲಿ, ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ ಇದೇ ಜಾತಿಯ ಇನ್ನೊಂದು ಔಷಧದಿಂದ ಚಂಚಲ ಮಕ್ಕಳು ಪಾಠದಲ್ಲಿ ಮನಸ್ಸಿಡುವುದನ್ನು ಗಮನಿಸಿ ಬರೆದಿದ್ದರು. ಅಂದರೆ ಇದು ನಿನ್ನೆ ಮೊನ್ನೆ ಬಂದ ಪ್ರಯೋಗವಲ್ಲ.

ಉತ್ತೇಜಕವೆಂದು ಕರೆಯುವ ಔಷಧ ಚಂಚಲತೆಯನ್ನು ಹೇಗೆ ತಗ್ಗಿಸೀತು ಎಂದು ಕೇಳುವವರಿದ್ದಾರೆ. ಮೆದುಳಿನಲ್ಲಿ ತಡೆಯುವ, ಕಾಯುವ, ಒಂದು ಕೆಲಸವನ್ನು ಹಿಡಿದು ನಿಲ್ಲುವ ಶಕ್ತಿಗೆ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ಔಷಧವು ಅವುಗಳ ಕೆಲಸಕ್ಕೆ ಬಲ ಕೊಡುತ್ತದೆ. ಇಲ್ಲಿ ಎಚ್ಚರಗೊಳ್ಳುವುದು ಕಡಿವಾಣ ಹಿಡಿಯುವ ಕೈ. ಸಾದಾ ಗುಳಿಗೆಯ ಪರಿಣಾಮ ಮೂರು-ನಾಲ್ಕು ಗಂಟೆಗಳದ್ದು. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಎಂಟರಿಂದ ಹನ್ನೆರಡು ಗಂಟೆಯವರೆಗೆ ಇರುತ್ತದೆ. ಈ ಎರಡನೆಯ ಬಗೆಯ ಗುಳಿಗೆಯನ್ನು ಮುರಿಯಬಾರದು, ಅರೆಯಬಾರದು, ಅಗಿಯಬಾರದು. ಇಡೀ ದಿನಕ್ಕೆಂದು ಇಟ್ಟ ಔಷಧ ಒಮ್ಮೆಲೇ ಮೈಗೆ ಸೇರಿದರೆ ಅಪಾಯ.

ಈಗ ಪ್ರಮಾಣದ ಮಾತು. ಜ್ವರದ ಔಷಧವನ್ನು ಮಗುವಿನ ತೂಕ ನೋಡಿ ಲೆಕ್ಕ ಹಾಕಿ ಕೊಡುತ್ತಾರೆ. ಇಲ್ಲಿ ಆ ಲೆಕ್ಕ ಪೂರ್ತಿ ನಡೆಯುವುದಿಲ್ಲ. ಇಪ್ಪತ್ತೈದು ಕಿಲೋ ತೂಗುವ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ 5 ಮಿಲಿಗ್ರಾಂ ಸಾಕಾಗಬಹುದು; ಇನ್ನೊಬ್ಬನಿಗೆ ಅದರ ಮೂರು ಪಟ್ಟು ಬೇಕಾಗಬಹುದು. ಆದಕಾರಣ ವೈದ್ಯರು ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ, ದಿನಕ್ಕೆ ಒಂದು ಅಥವಾ ಎರಡು ಹೊತ್ತಿನಂತೆ, ಆರಂಭಿಸಿ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ದಿನಕ್ಕೆ 60 ಮಿಲಿಗ್ರಾಂ ಎಂಬುದು ಸಾಮಾನ್ಯ ಮೇಲ್ಮಿತಿ. ಬಹಳ ಮಕ್ಕಳು ಅದಕ್ಕಿಂತ ಎಷ್ಟೋ ಕೆಳಗೇ ನಿಲ್ಲುತ್ತಾರೆ. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧವುಂಟು. ಅದನ್ನು ತೂಕ ನೋಡಿಯೇ ಲೆಕ್ಕ ಹಾಕುತ್ತಾರೆ, ಆದರೆ ಫಲ ತಿಳಿಯಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಒಂದು ವಾರ ಕೊಟ್ಟು ‘ಗುಣ ಕಾಣಲಿಲ್ಲ’ ಎಂದು ಬಿಡುವವರು ಆ ಔಷಧಕ್ಕೆ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಈ ಅಂಕಿಗಳನ್ನು ನಾವು ಬರೆದದ್ದು ಓದುಗರ ತಿಳಿವಳಿಕೆಗಾಗಿ. ಇವನ್ನು ನೋಡಿ ಯಾರೂ ಮನೆಯಲ್ಲಿ ಪ್ರಮಾಣವನ್ನು ಬದಲಿಸಬಾರದು.

ಕಡಿಮೆಯಿಂದ ಆರಂಭಿಸಿ ಮೆಲ್ಲನೆ ಏರಿಸುವ ಈ ಕ್ರಮ ನಮ್ಮವರಿಗೆ ಹೊಸದಲ್ಲ. ಮಕ್ಕಳ ಚಿಕಿತ್ಸೆಗೆಂದೇ ಇರುವ ಕಾಶ್ಯಪ ಸಂಹಿತೆ, ಹುಟ್ಟಿದ ಮಗುವಿಗೆ ಔಷಧದ ಅಳತೆ ಒಂದು ವಾಯುವಿಳಂಗದ ಕಾಳಿನಷ್ಟು, ತಿಂಗಳು ಕಳೆದಂತೆ ಅದನ್ನು ಹೆಚ್ಚಿಸುತ್ತಾ ಹೋಗಬೇಕು, ಆದರೆ ನೆಲ್ಲಿಕಾಯಿಯ ಗಾತ್ರವನ್ನು ಮೀರಬಾರದು ಎಂದು ಹೇಳುತ್ತದೆ. ರೋಗ, ಜೀರ್ಣಶಕ್ತಿ, ದೇಹಬಲ, ವಯಸ್ಸು ಇವನ್ನೆಲ್ಲ ನೋಡದೆ ಔಷಧದ ಮಾತ್ರೆಯನ್ನು ನಿಶ್ಚಯಿಸಲಾಗದು ಎಂಬುದು ನಮ್ಮ ಆಚಾರ್ಯರ ಮತ. ಕಾಳಿನಿಂದ ಹೊರಟು ನೆಲ್ಲಿಕಾಯಿಯಲ್ಲಿ ನಿಲ್ಲುವ ಆ ವಿವೇಕವನ್ನೇ ಇಂದಿನ ಮನೋವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ಮಾಡುತ್ತಿದ್ದಾರೆ.

1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳ ಕಾಲ ನೋಡಿದರು. ಔಷಧದ ಗುಂಪಿನ ಮಕ್ಕಳಿಗೆ ಮೊದಲ 28 ದಿನಗಳು ಪ್ರಮಾಣವನ್ನು ಹುಡುಕುವುದಕ್ಕೇ ಮೀಸಲಾಗಿದ್ದವು. ಇಂದು ಯಾವ ಪ್ರಮಾಣ ಕೊಟ್ಟಿದ್ದಾರೆಂಬುದು ತಿಳಿಯದಂತೆ ಮಾಡಿ, ತಂದೆ-ತಾಯಿಯರೂ ಶಿಕ್ಷಕರೂ ಪ್ರತಿದಿನ ಮಗುವಿನ ನಡವಳಿಕೆಗೆ ಅಂಕ ಕೊಟ್ಟರು. ಆ ಅಂಕಗಳನ್ನು ನೋಡಿ ಪ್ರಮಾಣವನ್ನು ಗೊತ್ತುಮಾಡಿದರು. ಇನ್ನೊಂದು ಗುಂಪು ತಮ್ಮ ಊರಿನ ವೈದ್ಯರ ಬಳಿ ಎಂದಿನಂತೆ ಚಿಕಿತ್ಸೆ ಪಡೆಯಿತು. ಅವರಲ್ಲಿ ಬಹುಪಾಲು ಮಕ್ಕಳಿಗೂ ಔಷಧವೇ ದೊರೆತಿತ್ತು. ಆದರೆ ಪ್ರಮಾಣ ಕಡಿಮೆ, ವೈದ್ಯರ ಭೇಟಿಯೂ ಕಡಿಮೆ. ಎಚ್ಚರಿಕೆಯಿಂದ ಅಳೆದು ಕೊಟ್ಟ ಗುಂಪಿನಲ್ಲಿ ಲಕ್ಷಣಗಳು ಹೆಚ್ಚು ತಗ್ಗಿದವು. ಎರಡೂ ಕಡೆ ಔಷಧವಿತ್ತು. ಒಂದು ಕಡೆ ಅಳತೆಯೂ ಇತ್ತು.

ನಮ್ಮ ನಾಡಿನಲ್ಲಿ ನಡೆಯುವುದೇನು? ಹಳ್ಳಿಯಿಂದ ದೊಡ್ಡ ಊರಿಗೆ ಹೋಗಿ ಒಮ್ಮೆ ತೋರಿಸಿಕೊಂಡು ಬರುತ್ತಾರೆ. ಬಸ್ಸಿನ ಖರ್ಚು, ಕೂಲಿ ತಪ್ಪಿದ ನಷ್ಟ, ಸುಗ್ಗಿಯ ಕೆಲಸ, ಮತ್ತೆ ಹೋಗುವುದಾಗುವುದಿಲ್ಲ. ಮೊದಲ ಚೀಟಿಯಲ್ಲಿ ಆರಂಭಕ್ಕೆಂದು ಬರೆದ ಪ್ರಮಾಣವೇ ವರ್ಷಗಟ್ಟಲೆ ನಡೆಯುತ್ತದೆ. ಹೊಸ್ತಿಲಲ್ಲಿ ನಿಂತವರು ಮನೆಯೊಳಗೆ ಹೋದೆವೆಂದು ತಿಳಿದಂತೆ! ಆಮೇಲೆ ‘ಔಷಧ ಕೊಟ್ಟೆವು, ಉಪಯೋಗವಾಗಲಿಲ್ಲ’ ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಎರಡು ನಿಮಿಷದಲ್ಲಿ ಚೀಟಿ ಬರೆದು, ಮುಂದಿನ ಭೇಟಿ ಏತಕ್ಕೆಂದು ತಿಳಿಸದೆ ಕಳುಹಿಸುವ ವೈದ್ಯರ ಹೊಣೆಯೂ ಇದರಲ್ಲಿ ಉಂಟು.

ಸರಿಯಾದ ಪ್ರಮಾಣದ ಗುರುತು

ಪ್ರಮಾಣ ಕಡಿಮೆಯಾದರೆ ಗುರುತಿಸುವುದು ಸುಲಭ: ಮಗು ಮೊದಲಿದ್ದಂತೆಯೇ ಇರುತ್ತದೆ. ಹೆಚ್ಚಾದುದನ್ನು ಗುರುತಿಸುವುದು ಕಷ್ಟ. ಏಕೆಂದರೆ ಆಗ ಹಿರಿಯರಿಗೆ ಸಂತೋಷವಾಗುತ್ತದೆ. ಮಗು ಮೂಲೆ ಹಿಡಿದು ಕುಳಿತಿರುತ್ತದೆ, ನಗುವುದಿಲ್ಲ, ಗೆಳೆಯರೊಡನೆ ಆಡುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ. ಶಾಲೆಯವರು ‘ಈಗ ಬಹಳ ಒಳ್ಳೆಯವನಾಗಿದ್ದಾನೆ’ ಎನ್ನುತ್ತಾರೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಮಂಕಾದ ಮಗು ಗುಣವಾದ ಮಗುವಲ್ಲ. ಮಗುವನ್ನು ಸುಮ್ಮನಾಗಿಸುವುದಕ್ಕಾಗಿ ಔಷಧ ಕೊಡುವುದಾದರೆ ಅದು ಹಿರಿಯರ ಅನುಕೂಲಕ್ಕೆ ಕೊಟ್ಟ ಔಷಧವಾಯಿತು. ಕಾರಣವಿಲ್ಲದ ಅಳು, ಉಗುರು ಕಚ್ಚುವುದು, ಚರ್ಮ ಕೀಳುವುದು, ಎದೆ ಡವಗುಟ್ಟುವುದು, ಕಣ್ಣು-ಮುಖದಲ್ಲಿ ಹೊಸದಾಗಿ ಸೆಳೆತ ಇವು ಕಂಡರೂ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಸೂಕ್ಷ್ಮವುಂಟು. ಕೆಲವು ಮಕ್ಕಳು ಹಗಲೆಲ್ಲ ಚೆನ್ನಾಗಿದ್ದು ಸಂಜೆ ನಾಲ್ಕೈದು ಗಂಟೆಗೆ ಸಿಡುಕುತ್ತಾರೆ, ಮೊದಲಿಗಿಂತ ಹೆಚ್ಚು ಹಾರಾಡುತ್ತಾರೆ. ಇದು ಹೆಚ್ಚಾಗಿ ಔಷಧ ಇಳಿಯುವ ಹೊತ್ತಿನ ಅಲೆ. ಪ್ರಮಾಣ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಹೊತ್ತನ್ನು ಗುರುತಿಸಿದರೆ ಮಾತ್ರ ತಿಳಿಯುತ್ತದೆ. ಕೊಟ್ಟ ಒಂದೆರಡು ಗಂಟೆಯಲ್ಲಿ ಮಂಕಾದರೆ ಒಂದು ಅರ್ಥ. ಇಳಿಹೊತ್ತಿನಲ್ಲಿ ಕೆರಳಿದರೆ ಇನ್ನೊಂದು ಅರ್ಥ.

ಹಾಗಾದರೆ ಸರಿಯಾದ ಪ್ರಮಾಣ ಯಾವುದು? ಮಗು ನಗುತ್ತದೆ, ಆಡುತ್ತದೆ, ತುಂಟತನವನ್ನೂ ಮಾಡುತ್ತದೆ. ಆದರೆ ಹಿಡಿದ ಲೆಕ್ಕವನ್ನು ಮುಗಿಸುತ್ತದೆ, ತನ್ನ ಸರದಿಗೆ ಕಾಯುತ್ತದೆ, ರಸ್ತೆ ದಾಟುವ ಮೊದಲು ನಿಂತು ನೋಡುತ್ತದೆ. ಹಸಿವು-ನಿದ್ದೆಗಳು ಬಹಳ ಕೆಟ್ಟಿರುವುದಿಲ್ಲ. ಈ ಸ್ಥಿತಿಯನ್ನು ತರುವ ಅತ್ಯಂತ ಕಡಿಮೆ ಪ್ರಮಾಣವೇ ಆ ಮಗುವಿನ ಮಾತ್ರೆ. ಸ್ವಭಾವ ಉಳಿಯಬೇಕು, ಅಡ್ಡಿ ತೊಲಗಬೇಕು.

ಮುಚ್ಚಿಟ್ಟ ಅರ್ಧ ಗುಳಿಗೆ

ಒಕ್ಕಲುತನದ ಕುಟುಂಬವೊಂದು ಒಂಬತ್ತು ವರ್ಷದ ಬಾಲಕನನ್ನು ನಮ್ಮಲ್ಲಿಗೆ ಕರೆತಂದಿತು. ‘ಈ ಔಷಧ ವಿಷವಾಯಿತು, ಬಿಡಿಸಿಬಿಡಿರಿ’ ಎಂಬುದು ತಂದೆಯ ಮಾತು. ಮಗು ಮೂರು ದಿನಗಳಿಂದ ಊಟ ಮುಟ್ಟಿರಲಿಲ್ಲ, ನಡುರಾತ್ರಿಯವರೆಗೂ ಕಣ್ಣು ಮುಚ್ಚುತ್ತಿರಲಿಲ್ಲ, ಹೆಬ್ಬೆರಳಿನ ಚರ್ಮವನ್ನು ಕಿತ್ತು ಗಾಯ ಮಾಡಿಕೊಂಡಿತ್ತು.

ತಾಯಿಯನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಿದೆವು. ಮನೋವೈದ್ಯರು ಮೊದಲು 5 ಮಿಲಿಗ್ರಾಂ ಬರೆದು, ವಾರದ ತರುವಾಯ 10ಕ್ಕೆ ಏರಿಸಲು ಹೇಳಿದ್ದರು. ‘ಎಳೆಯ ಕೂಸಿಗೆ ತಲೆಯ ಔಷಧ ಏತಕ್ಕೆ’ ಎಂದು ಅತ್ತೆಯವರು ಹಟ ಹಿಡಿದದ್ದರಿಂದ ಆಕೆ ಪ್ರತಿಸಲವೂ ಅರ್ಧವನ್ನೇ ಕೊಡುತ್ತಿದ್ದರು. ಗಂಡನಿಗೂ ಹೇಳಿರಲಿಲ್ಲ, ವೈದ್ಯರಿಗೂ ಹೇಳಿರಲಿಲ್ಲ. ಗುಣ ಕಾಣದಾಗ ವೈದ್ಯರು 10 ಸಾಲದೆಂದು 15 ಮಾಡಿದರು, ಆಮೇಲೆ 20 ಮಾಡಿದರು. ಇಪ್ಪತ್ತರ ಅರ್ಧ ಕೊಟ್ಟ ಎರಡು ವಾರಗಳಲ್ಲಿ ಮಗುವಿನ ಲೆಕ್ಕದ ಪುಸ್ತಕ ಮೊದಲ ಬಾರಿಗೆ ತುಂಬಿತ್ತು. ಅಷ್ಟರಲ್ಲಿ ಅತ್ತೆಯವರು ಮಗಳ ಬಾಣಂತನಕ್ಕೆ ಹೋದರು. ವೈದ್ಯರಿಗೆ ಸುಳ್ಳು ಹೇಳುತ್ತಿದ್ದೇನೆಂಬ ಅಳುಕಿನಿಂದ ತಾಯಿ ಮರುದಿನದಿಂದಲೇ ಪೂರ್ತಿ ಗುಳಿಗೆ ಕೊಡತೊಡಗಿದರು. ಮಗುವಿನ ಮೈ ಒಂದೇ ದಿನದಲ್ಲಿ ಹತ್ತರಿಂದ ಇಪ್ಪತ್ತಕ್ಕೆ ಹಾರಿತು.

ನಾವು ಔಷಧವನ್ನು ಬಿಡಿಸಲೂ ಇಲ್ಲ, ಬದಲಿಸಲೂ ಇಲ್ಲ. ಅದು ನಮ್ಮ ಕ್ಷೇತ್ರವಲ್ಲ. ಆ ವೈದ್ಯರಿಗೆ ಅಂದೇ ಫೋನು ಮಾಡಿಸಿ ತಾಯಿಯ ಬಾಯಿಂದಲೇ ನಿಜವನ್ನು ಹೇಳಿಸಿದೆವು. ಅವರು ಪ್ರಮಾಣವನ್ನು ಇಳಿಸಿದರು. ಕೊನೆಗೆ ಆ ಬಾಲಕನಿಗೆ ಹೊಂದಿದ್ದು ಬೆಳಿಗ್ಗೆ 10 ಮಿಲಿಗ್ರಾಂ. ಮೊದಲ ಚೀಟಿಯಲ್ಲಿ ಬರೆದಿದ್ದ, ಆದರೆ ಆಗ ಒಂದು ದಿನವೂ ಮಗುವಿನ ಬಾಯಿಗೆ ಬೀಳದಿದ್ದ ಅದೇ ಪ್ರಮಾಣ.

ಇಲ್ಲಿ ದುಷ್ಟರು ಯಾರೂ ಇರಲಿಲ್ಲ. ಅಜ್ಜಿಗೆ ಮೊಮ್ಮಗನ ಮೇಲೆ ಪ್ರೀತಿ, ತಾಯಿಗೆ ಮನೆಯ ಶಾಂತಿಯ ಚಿಂತೆ, ವೈದ್ಯರಿಗೆ ತಮ್ಮ ಚೀಟಿಯ ಮೇಲೆ ವಿಶ್ವಾಸ. ಆದರೂ ಮಗು ನರಳಿತು. ಕಡಿಮೆ ಕೊಡಬೇಕೆನಿಸಿದರೆ ವೈದ್ಯರಿಗೆ ಹೇಳಿ ಕಡಿಮೆ ಕೊಡಿರಿ. ಕೊಡಲೇಬಾರದೆನಿಸಿದರೆ ಅದನ್ನೂ ಹೇಳಿರಿ. ಒಳ್ಳೆಯ ವೈದ್ಯರು ಅದಕ್ಕೆ ಸಿಟ್ಟಾಗುವುದಿಲ್ಲ. ಔಷಧದ ವಿಷಯದಲ್ಲಿ ಮನೆಯಲ್ಲಿ ಮೊದಲು ಒಮ್ಮತ ಬೇಕು. ಮುಂದಿನ ಭೇಟಿಗೆ ಅಜ್ಜ-ಅಜ್ಜಿಯರನ್ನೂ ಕರೆದುಕೊಂಡು ಹೋದರೆ ಅರ್ಧ ತೊಡಕು ಅಲ್ಲಿಯೇ ಬಿಡುತ್ತದೆ.

ಒಂದು ನೋಟುಪುಸ್ತಕ ಸಾಕು

ಮನೆಯವರ ಪಾಲಿನ ಕೆಲಸಕ್ಕೆ ದೊಡ್ಡ ಓದು ಬೇಡ. ನಲವತ್ತು ಪುಟದ ಒಂದು ನೋಟುಪುಸ್ತಕ ಇಡಿರಿ. ದಿನಕ್ಕೊಂದು ಸಾಲು: ಎಷ್ಟು ಕೊಟ್ಟಿರಿ, ಎಷ್ಟು ಗಂಟೆಗೆ ಕೊಟ್ಟಿರಿ, ಮಧ್ಯಾಹ್ನ ಎಷ್ಟು ಉಂಡಿತು, ಸಂಜೆ ಹೇಗಿತ್ತು, ರಾತ್ರಿ ಎಷ್ಟು ಹೊತ್ತಿಗೆ ಮಲಗಿತು. ಕೊಡಲು ಮರೆತ ದಿನ ‘ಮರೆತೆ’ ಎಂದೇ ಬರೆಯಿರಿ. ವಾರಕ್ಕೊಮ್ಮೆ ಶಿಕ್ಷಕರಿಂದ ಎರಡು ಮಾತು ಬರೆಸಿಕೊಳ್ಳಿರಿ. ಏಕೆಂದರೆ ಔಷಧ ಹೆಚ್ಚು ಕೆಲಸ ಮಾಡುವುದು ಶಾಲೆಯ ಹೊತ್ತಿನಲ್ಲಿ, ಅದನ್ನು ಕಾಣುವವರು ಅವರೇ. ಪ್ರಮಾಣ ಬದಲಿಸುವ ವಾರದಲ್ಲಿ ಬೇರೇನನ್ನೂ ಬದಲಿಸಬೇಡಿರಿ. ಹೊಸ ಟ್ಯೂಷನ್, ಊರಿನ ಜಾತ್ರೆ, ಹೊಸ ಕಷಾಯ ಎಲ್ಲವೂ ಒಂದೇ ವಾರ ಬಂದರೆ ಯಾವುದರ ಫಲ ಯಾವುದೆಂದು ಬ್ರಹ್ಮನಿಗೂ ತಿಳಿಯದು.

ಮಗುವನ್ನೂ ಕೇಳಿರಿ. ‘ಗುಳಿಗೆ ತೆಗೆದುಕೊಂಡಾಗ ಹೇಗನಿಸುತ್ತದೆ?’ ಎಂದು ಏಳು-ಎಂಟು ವರ್ಷದ ಮಗುವನ್ನು ಕೇಳಿದರೆ ಅದು ಹೇಳಬಲ್ಲುದು. ‘ತಲೆಯೊಳಗಿನ ಗದ್ದಲ ನಿಂತಿತು’ ಎಂದ ಮಗುವನ್ನೂ, ‘ನಾನು ನಾನಾಗಿಲ್ಲ’ ಎಂದ ಮಗುವನ್ನೂ ನಾವು ಕಂಡಿದ್ದೇವೆ. ಎರಡೂ ಮಾತುಗಳು ವೈದ್ಯರಿಗೆ ಯಾವ ರಕ್ತಪರೀಕ್ಷೆಯೂ ಹೇಳದ ಸಂಗತಿಯನ್ನು ಹೇಳುತ್ತವೆ.

ಚಂಚಲ ಮಕ್ಕಳನ್ನು ‘ಮಠದ ಹಾಸ್ಟೆಲ್ಲಿಗೆ ಹಾಕಿದರೆ ಸರಿಹೋಗುತ್ತಾನೆ’ ಎಂದು ತಂದು ಬಿಡುವ ಪಾಲಕರಿಗೂ ಒಂದು ಮಾತು. ನಿಯಮಿತವಾದ ದಿನಚರಿ ಇಂಥ ಮಕ್ಕಳಿಗೆ ಒಳ್ಳೆಯದೇ. ಆದರೆ ಔಷಧದ ವಿಷಯವನ್ನು ಮುಚ್ಚಿಟ್ಟು ಬಿಟ್ಟುಹೋಗಬೇಡಿರಿ. ವಾರ್ಡನ್ನರಿಗೆ ಚೀಟಿಯ ಪ್ರತಿಯನ್ನು ಕೊಡಿರಿ. ಗುಳಿಗೆಗಳು ಅವರ ಬೀಗದಲ್ಲಿರಲಿ, ಮಗುವಿನ ಟ್ರಂಕಿನಲ್ಲಿ ಬೇಡ.

ಊಟ, ನಿದ್ದೆ, ಬೆಳವಣಿಗೆ

ಮೀಥೈಲ್‌ಫೆನಿಡೇಟ್ ಹಸಿವನ್ನು ತಗ್ಗಿಸುತ್ತದೆ. ಮಧ್ಯಾಹ್ನದ ಡಬ್ಬಿ ತುಂಬಿದಂತೆಯೇ ಮನೆಗೆ ಬರುವುದು ಸಾಮಾನ್ಯ. ಇದಕ್ಕೆ ಬೈಯುವುದರಿಂದ ಫಲವಿಲ್ಲ. ಬೆಳಿಗ್ಗೆ ಗುಳಿಗೆ ಹೊಟ್ಟೆಗೆ ಹೋಗುವ ಮೊದಲು ಗಟ್ಟಿಯಾದ ಉಪಾಹಾರ ಕೊಡಿರಿ: ಬೆಣ್ಣೆ ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆಕಾಳು, ಹಾಲು. ಔಷಧ ಇಳಿಯುವ ಸಂಜೆಯಲ್ಲಿ ಹಸಿವು ಮರಳುತ್ತದೆ. ಆ ಹೊತ್ತಿಗೆ ಅಂಗಡಿಯ ಕುರುಕಲು ಪೊಟ್ಟಣದ ಬದಲು ಬಾಳೆಹಣ್ಣು, ಶೇಂಗಾ ಉಂಡೆ, ಮೊಸರನ್ನ ಸಿದ್ಧವಿರಲಿ. ರಾತ್ರಿ ನಿದ್ದೆ ಬಾರದಿದ್ದರೆ ಕೊಡುವ ಹೊತ್ತನ್ನು ಹಿಂದಕ್ಕೆ ಸರಿಸಬಹುದೇ ಎಂದು ವೈದ್ಯರನ್ನು ಕೇಳಿರಿ. ಮಲಗುವ ಮೊದಲು ಮೊಬೈಲನ್ನು ದೂರವಿಡಿರಿ.

ತೂಕವನ್ನು ಮೂರು ತಿಂಗಳಿಗೊಮ್ಮೆ, ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆಸಿ ಬರೆದಿಡಿರಿ. ಪ್ರಮಾಣ ಬದಲಾದಾಗಲೆಲ್ಲ ನಾಡಿಬಡಿತ ಮತ್ತು ರಕ್ತದೊತ್ತಡವನ್ನು ನೋಡಿಸಬೇಕು. ಮನೆತನದಲ್ಲಿ ಹೃದಯದ ಕಾಯಿಲೆಯಾಗಲಿ, ಎಳೆಯ ವಯಸ್ಸಿನ ಹಠಾತ್ ಸಾವಾಗಲಿ ಆಗಿದ್ದರೆ ಔಷಧ ಆರಂಭಿಸುವ ಮುನ್ನವೇ ಹೇಳಬೇಕು.

ನಮ್ಮ ಪದ್ಧತಿಯ ಮಿತಿ, ನಮ್ಮ ಪದ್ಧತಿಯ ಸೇವೆ

ಆಯುರ್ವೇದದ ವೈದ್ಯರಾಗಿ ಇದನ್ನು ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ. ಬ್ರಾಹ್ಮಿ, ಒಂದೆಲಗ, ಶಂಖಪುಷ್ಪಿ, ಬಜೆ ಇವುಗಳಿಗೆ ನಮ್ಮ ಶಾಸ್ತ್ರದಲ್ಲಿ ಗೌರವದ ಸ್ಥಾನವಿದೆ. ಆದರೆ ತೀವ್ರವಾದ ಎಡಿಎಚ್‌ಡಿ ಇರುವ ಮಗುವಿನಲ್ಲಿ ಇವು ಮನೋವೈದ್ಯರ ಔಷಧಕ್ಕೆ ಬದಲಿಯಾಗಿ ನಿಲ್ಲುತ್ತವೆ ಎನ್ನಲು ಬೇಕಾದಷ್ಟು ಆಧಾರ ಇಂದು ಇಲ್ಲ. ಇಲ್ಲದ ಆಧಾರವನ್ನು ಇದೆ ಎಂದು ಹೇಳಿ ಚೀಟಿ ಹರಿಯುವ ವೃತ್ತಿಬಾಂಧವರು ಶಾಸ್ತ್ರಕ್ಕೂ ಮಗುವಿಗೂ ಅನ್ಯಾಯ ಮಾಡುತ್ತಾರೆ. ಅದರಲ್ಲಿಯೂ ಲೇಬಲ್ಲಿಲ್ಲದ ಡಬ್ಬಿಯಲ್ಲಿ ‘ಬುದ್ಧಿ ಪುಡಿ’, ‘ಜ್ಞಾಪಕ ಭಸ್ಮ’ ಎಂದು ಮಾರುವುದನ್ನು ಮಕ್ಕಳಿಗೆ ಕೊಡಲೇಬಾರದು. ಅಂಥವುಗಳಲ್ಲಿ ಸೀಸ ಬೆರೆತಿರುವ ಅಪಾಯವುಂಟು. ಸೀಸವಾದರೋ ಮಗುವಿನ ಬುದ್ಧಿಯನ್ನೂ ಅವಧಾನವನ್ನೂ ಕೆಡಿಸುವ ವಿಷ. ಚಂಚಲತೆಗೆಂದು ತಂದದ್ದೇ ಚಂಚಲತೆಯನ್ನು ಹೆಚ್ಚಿಸೀತು.

ನಮ್ಮಿಂದ ಆಗುವ ಸೇವೆಯೂ ಉಂಟು. ದಿನಚರಿ, ಹೊತ್ತಿಗೆ ಸರಿಯಾದ ಊಟ, ಜೀರ್ಣಶಕ್ತಿಯ ರಕ್ಷಣೆ, ಎಣ್ಣೆ ಹಚ್ಚಿ ಮಾಡಿಸುವ ಸ್ನಾನ, ನಿದ್ದೆ, ಬಯಲಿನ ಆಟ ಇವೆಲ್ಲ ಔಷಧದ ಜೊತೆಗೆ ನಡೆಯಬಹುದಾದುವು. ಹೊಟ್ಟೆಗೆ ಕೊಡುವ ಯಾವುದೇ ಗಿಡಮೂಲಿಕೆಯನ್ನು ಮನೋವೈದ್ಯರಿಗೆ ತಿಳಿಸಿಯೇ ಕೊಡಬೇಕು. ಇಂಗ್ಲಿಷ್ ಔಷಧ ನಡೆಯುತ್ತಿರುವುದನ್ನು ನಮಗೂ ತಿಳಿಸಬೇಕು. ನೆಗಡಿಗೆಂದು ಅಂಗಡಿಯಿಂದ ತರುವ ಮಾತ್ರೆಗೂ ಈ ನಿಯಮ ಅನ್ವಯಿಸುತ್ತದೆ. ಇಬ್ಬರು ವೈದ್ಯರ ನಡುವೆ ಗುಟ್ಟು ಮಾಡಿದರೆ ಅದರ ಬೆಲೆ ತೆರುವುದು ಮಗು.

ಕೆಲವು ಸಂದೇಹಗಳು

ಚಟವಾಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಬಾಯಿಯ ಮೂಲಕ ಕೊಟ್ಟಾಗ ಮಕ್ಕಳಲ್ಲಿ ಆ ಭಯಕ್ಕೆ ಕಾರಣ ಕಡಿಮೆ. ಆದರೆ ದುರುಪಯೋಗವಾಗಬಲ್ಲ ಔಷಧವಾದ್ದರಿಂದಲೇ ಸರ್ಕಾರ ಇದನ್ನು ಷೆಡ್ಯೂಲ್ ಎಕ್ಸ್ ಎಂಬ ಪಟ್ಟಿಯಲ್ಲಿ ಇರಿಸಿದೆ. ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಔಷಧ ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಅಂಗಡಿಯವರು ಚೀಟಿ ಕೇಳಿದರೆ ಬೇಸರಿಸಬೇಡಿರಿ. ಪರೀಕ್ಷೆಯ ವಾರ ಅಣ್ಣನಿಗೋ ಅಕ್ಕನಿಗೋ ‘ಓದಲಿಕ್ಕೆ’ ಎಂದು ಇದರಲ್ಲಿ ಪಾಲು ಕೊಡುವುದು ಅಪರಾಧವೂ ಹೌದು, ಅಪಾಯವೂ ಹೌದು.

ಜೀವನಪರ್ಯಂತ ಬೇಕೇ? ಎಲ್ಲರಿಗೂ ಬೇಕಾಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಔಷಧ ಇನ್ನೂ ಬೇಕೇ ಎಂಬುದನ್ನು ವೈದ್ಯರೊಡನೆ ಕುಳಿತು ವಿಚಾರಿಸಬೇಕು. ಮಗು ಬೆಳೆದಂತೆ ಪ್ರಮಾಣವೂ ಬದಲಾಗಬಹುದು. ಒಂದು ಔಷಧ ಹೊಂದದಿದ್ದರೆ ಇನ್ನೊಂದು ಹೊಂದಬಹುದು. ರಜೆಯಲ್ಲಿ ನಿಲ್ಲಿಸಬಹುದೇ ಎಂಬುದು ಮಗುವಿನಿಂದ ಮಗುವಿಗೆ ಬೇರೆ, ಕೇಳಿಯೇ ನಿಲ್ಲಿಸಬೇಕು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪ್ರತಿವಾರ ಹೋಗಿಬರುವುದು ಆಗದವರು ಮೊದಲ ಭೇಟಿಯಲ್ಲಿಯೇ ಅದನ್ನು ವೈದ್ಯರಿಗೆ ಹೇಳಿ, ಫೋನಿನಲ್ಲಿ ವರದಿ ಒಪ್ಪಿಸುವ ವ್ಯವಸ್ಥೆ ಮಾಡಿಕೊಳ್ಳಲಿ.

ಶರಣ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮೊದಲ ಒಂದೆರಡು ತಿಂಗಳು ಈ ಹುಡುಕಾಟಕ್ಕೆ ಮೀಸಲಿಡಿರಿ. ಭೇಟಿಯನ್ನು ತಪ್ಪಿಸಬೇಡಿರಿ, ಕೊಟ್ಟದ್ದನ್ನು ಕೊಟ್ಟೆವೆಂದೂ ಕೊಡದ್ದನ್ನು ಕೊಡಲಿಲ್ಲವೆಂದೂ ಹೇಳಿರಿ, ಮಗುವಿನ ನಗು ಮಾಸಿದರೆ ಅದನ್ನು ಮೊದಲು ಹೇಳಿರಿ. ನಿಮ್ಮ ಮಗುವಿನ ಅಳತೆ ನೆರೆಮನೆಯ ಮಗುವಿನ ಅಳತೆಯಲ್ಲ; ಅದು ನಿಮ್ಮ ಮನೆಯ ನೋಟುಪುಸ್ತಕದಲ್ಲಿಯೇ ಸಿಗಬೇಕು.